ಚೆಂಡು ಹಿಡಿದು ನಿಂತವರು

ಎಳ್ಳಮಾವಾಸ್ಯೆಗೆ ಇನ್ನೂ ಹದಿನೈದು ದಿನವಿತ್ತು. ಒಂದು ಮಧ್ಯಾಹ್ನ ನಮ್ಮ ತೊರವಿಯ ಮಹಿಳಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯ ನೋಡುತ್ತ ಕುಳಿತಿದ್ದೆ. ನಾನು ಆಟ ಬಲ್ಲವಳಲ್ಲ. ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡುವವಳು. ನನ್ನ ಕೈಯಲ್ಲಿ ಕಲಿತು ಹೋದ ಹುಡುಗಿಯೊಬ್ಬಳು ಮನೆತನಕ ಬಂದು, "ಟೀಚರ್, ನೀವು ಬರಾಕ ಬೇಕ್ರಿ" ಎಂದು ಕರೆದಿದ್ದಳು. 2003ರಲ್ಲಿ ಈ ವಿಶ್ವವಿದ್ಯಾಲಯ ಆರಂಭವಾದಾಗ ಇಷ್ಟು ಹೆಣ್ಣುಮಕ್ಕಳು ಒಂದೇ ಕಡೆ ಓದುವುದನ್ನು ನೋಡಿಯೇ ನಮಗೆ ಹೊಟ್ಟೆ ತುಂಬುತ್ತಿತ್ತು. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರಿಟ್ಟರು. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳ ಮಹಿಳಾ ಕಾಲೇಜುಗಳು ಇದರ ಕೆಳಗೆ ಬರುತ್ತವೆ. ಹೀಗಾಗಿ ಆಟದ ದಿನಗಳಲ್ಲಿ ನಮ್ಮೂರ ಬಸ್ ನಿಲ್ದಾಣದಲ್ಲಿ ಬೇರೆ ಬೇರೆ ಊರಿನ ಹುಡುಗಿಯರ ಮಾತು ಕೇಳುತ್ತದೆ.

ಅಂದು ಒಂದು ಕಡೆ ಪಟ್ಟಣದ ದೊಡ್ಡ ಕಾಲೇಜಿನ ತಂಡ. ಎತ್ತರದ ಹುಡುಗಿಯರು, ಒಂದೇ ಬಣ್ಣದ ಬೂಟು, ಬದಲಿ ಆಟಗಾರ್ತಿಯರೇ ಐದಾರು ಜನ. ಇನ್ನೊಂದು ಕಡೆ ನನ್ನ ಹುಡುಗಿಯ ತಂಡ. ಐವರೂ ಗಿಡ್ಡ, ಬೆಂಚಿನ ಮೇಲೆ ಬದಲಿಗೆ ಇಬ್ಬರೇ. ಪಂದ್ಯ ಶುರುವಾದ ಮೇಲೆ ನನಗೆ ಬೇಸರ ಬರತೊಡಗಿತು. ಎದುರಿನವರು ಚೆಂಡು ಸಿಕ್ಕ ಕೂಡಲೇ ಓಡಿ ಬುಟ್ಟಿಗೆ ಎಸೆಯುತ್ತಿದ್ದರು. ನಮ್ಮವರು ಮಾತ್ರ ಇವಳಿಂದ ಅವಳಿಗೆ, ಅವಳಿಂದ ಇನ್ನೊಬ್ಬಳಿಗೆ, ಮತ್ತೆ ತಿರುಗಿ ಇವಳಿಗೆ ಚೆಂಡು ದಾಟಿಸುತ್ತಲೇ ಇದ್ದರು. ಮೇಜಿನ ಹತ್ತಿರ ಸ್ಟಾಪ್‌ವಾಚ್ ಹಿಡಿದಿದ್ದ ಹುಡುಗಿ ಕೊನೆಯ ಸೆಕೆಂಡುಗಳನ್ನು ಕೂಗತೊಡಗಿದಾಗಲೇ ಒಬ್ಬಳು ಎಸೆಯುವುದು. ನನ್ನ ಹಿಂದೆ ಕುಳಿತ ಗೃಹಸ್ಥರೊಬ್ಬರು, "ಇದೇನ್ ಆಟಾರಿ, ಮದುವಿ ಮನ್ಯಾಗ ಪಂಕ್ತಿ ಏಳೂದು ಕಾದ್ಹಂಗ ಆಗೇತಿ" ಎಂದರು. ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಕೊನೆಗೆ ನಮ್ಮವರು 41–38ರಿಂದ ಸೋತರು. ಸೋತವರ ಮುಖ ನೋಡಿದರೆ ಗೆದ್ದವರಂತೆ ಇತ್ತು. ಅವರ ಪಿ.ಟಿ. ಮೇಡಂ ನನ್ನ ಪಕ್ಕಕ್ಕೆ ಬಂದು ಕುಳಿತು ನೀರು ಕುಡಿಯುತ್ತ, "ಹಿಂದಿನ ಸಲ ಇದೇ ಕಾಲೇಜಿನ ವಿರುದ್ಧ ನಲವತ್ತಕ್ಕಿಂತ ಹೆಚ್ಚು ಅಂಕದಿಂದ ಸೋತಿದ್ವಿರಿ. ಅವರ ಜೋಡಿ ಓಡಿದ್ರ ನಾವು ಹತ್ತು ನಿಮಿಷದಾಗ ಸತ್ತು ಹೋಗ್ತೀವಿ" ಎಂದರು.

"ಆದ್ರೂ ಇಷ್ಟು ನಿಧಾನ ಆಡಿದ್ರ ನೋಡೋರಿಗೆ ಬ್ಯಾಸರ ಆಗೂದಿಲ್ಲೇನ್ರಿ?" ಎಂದೆ.

ಅವರು ನನ್ನ ಮುಖ ನೋಡಿ ಒಂದು ಲೆಕ್ಕ ಹೇಳಿದರು. ನಾನು ಗಣಿತದವಳಲ್ಲ, ಆದರೂ ಅರ್ಥವಾಯಿತು. ಇಬ್ಬರು ಗೋಲಿ ಆಡುತ್ತಾರೆ ಎನ್ನಿ. ಹತ್ತು ಸಲದಲ್ಲಿ ಆರು ಸಲ ಗೆಲ್ಲುವಷ್ಟು ನೀವು ಜಾಣೆ, ನಾಲ್ಕು ಸಲ ಗೆಲ್ಲುವಷ್ಟು ನಾನು. ಒಂದೇ ಆಟ ಆಡಿದರೆ ನಾನು ಗೆಲ್ಲುವ ಅವಕಾಶ ನೂರಕ್ಕೆ 40. ಮೂರು ಆಟ ಆಡಿ ಹೆಚ್ಚು ಗೆದ್ದವರೇ ಗೆದ್ದಂತೆ ಎಂದರೆ ಅದು 35ಕ್ಕೆ ಇಳಿಯುತ್ತದೆ. ಐದಾದರೆ ಸುಮಾರು 32, ಹನ್ನೊಂದಾದರೆ 25ಕ್ಕೂ ಸ್ವಲ್ಪ ಕಡಿಮೆ. ಆಟಗಳು ಹೆಚ್ಚಿದಷ್ಟೂ ಬಲ್ಲವರೇ ಗೆಲ್ಲುತ್ತಾರೆ. ಕಡಿಮೆಯಾದಷ್ಟೂ ಬಡವರಿಗೆ ಒಂದು ಆಸೆ ಉಳಿಯುತ್ತದೆ. ಬಾಸ್ಕೆಟ್‌ಬಾಲಿನಲ್ಲಿ ಒಂದು ತಂಡ ಎಸೆದ ಮೇಲೆ ಚೆಂಡು ಸಾಮಾನ್ಯವಾಗಿ ಎದುರಿನವರಿಗೆ ಹೋಗುತ್ತದೆ. ನಾವು ನಿಧಾನ ಮಾಡಿದರೆ ನಮ್ಮ ಸರದಿಗಳೂ ಕಡಿಮೆ, ಅವರ ಸರದಿಗಳೂ ಕಡಿಮೆ. "ನಾವು ಚೆಂಡ ಹಿಡ್ಕೊಂಡಷ್ಟು ಹೊತ್ತು ಅವರ ಕೈ ಖಾಲಿರಿ" ಎಂದರು ಮೇಡಂ. ಮೇಲಾಗಿ ಇಬ್ಬರೇ ಬದಲಿ ಹುಡುಗಿಯರು. ಕಾಲೇಜು ಬಿಟ್ಟ ಮೇಲೆ ಒಂದು ತಾಸು ಅಭ್ಯಾಸ, ಆಮೇಲೆ ಊರಿನ ಬಸ್ಸು ತಪ್ಪಿಸಿಕೊಳ್ಳುವಂತಿಲ್ಲ. ಅಷ್ಟರಲ್ಲಿ ಬೆಳೆಸಿದ ಕಾಲುಗಳು ನಲವತ್ತು ನಿಮಿಷ ಓಡಬೇಕಲ್ಲ.

ನಾನು ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಆ ರಾತ್ರಿ ಪುಣೆಯಲ್ಲಿರುವ ಮಗಳಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವಳಿಗೆ ಈ ಆಟದ ಹುಚ್ಚು. ಮಾರ್ಚ್ ತಿಂಗಳಲ್ಲಿ ಬೆಳಗಿನ ಜಾವ ಎದ್ದು ಮೊಬೈಲಿನಲ್ಲಿ ಅಮೆರಿಕದ ಕಾಲೇಜು ಪಂದ್ಯ ನೋಡುತ್ತಾಳೆ. ಅಲ್ಲಿಯ ಕಾಲೇಜುಗಳು ಗುಂಪು ಗುಂಪಾಗಿ ಆಡುತ್ತವಂತೆ. ಆ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಕೆಲವು ಗುಂಪುಗಳು ಓಡುವುದಕ್ಕೆ ಹೆಸರಾದರೆ, ಬಿಗ್ ಟೆನ್‌ನಂಥ ಕೆಲವು ನಿಧಾನಕ್ಕೆ ಹೆಸರಾಗಿವೆ. ಕಾರಣ ಕೇಳಿದೆ. "ವರ್ಷಾ ವರ್ಷಾ ಅವರವರss ಆಡ್ತಾರಲ್ಲವ್ವಾ. ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತು. ಲಗೂನ ಬುಟ್ಟಿ ಸಿಗೂದಿಲ್ಲ. ಒಬ್ಬ ಕೋಚ್ ನಿಧಾನ ಆಡಿ ಗೆದ್ರ ಉಳದವ್ರೂ ಹಂಗ ಕಲೀತಾರ" ಎಂದಳು. ಒಂದೇ ಓಣಿಯಲ್ಲಿ ಬಹಳ ವರ್ಷ ಇದ್ದವರ ಮಾತಿನ ಧಾಟಿ ಒಂದೇ ಆಗುವುದಿಲ್ಲವೇ, ಹಾಗೆ. 1996ರಲ್ಲಿ ಪ್ರಿನ್ಸ್‌ಟನ್ ಎಂಬ ಓದುಗರ ಕಾಲೇಜು, ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ ಕಾಲೇಜು, ಹಿಂದಿನ ವರ್ಷದ ಚಾಂಪಿಯನ್ ಯು.ಸಿ.ಎಲ್.ಎ. ತಂಡವನ್ನು 43–41ರಿಂದ ಸೋಲಿಸಿತು. ತಾಳ್ಮೆಯಿಂದ ಚೆಂಡು ದಾಟಿಸಿ ದಾಟಿಸಿ ಎದುರಿನವರ ಕಣ್ಣು ತಪ್ಪುವುದನ್ನೇ ಕಾಯ್ದು ಗೆದ್ದ ಪಂದ್ಯ ಅದು.

"ಆದ್ರ ನಿಧಾನ ಅಂದ್ರ ಬರೇ ಸಣ್ಣವರ ಆಟ ಅನಬ್ಯಾಡ" ಎಂದು ಅವಳು ಇನ್ನೊಂದು ಕಥೆ ಹೇಳಿದಳು. ವರ್ಜೀನಿಯಾ ವಿಶ್ವವಿದ್ಯಾಲಯದ್ದು ಬಲಿಷ್ಠ ತಂಡ, ಆದರೂ ನಿಧಾನದ ತಂಡ. 2018ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅದಕ್ಕೆ ಮೊದಲ ಶ್ರೇಯಾಂಕ. ಎದುರಿಗೆ ಬಂದದ್ದು ಹದಿನಾರನೆಯ ಶ್ರೇಯಾಂಕದ ಒಂದು ತಂಡ. ಪುರುಷರ ಪಂದ್ಯಾವಳಿಯಲ್ಲಿ ಅಂಥವರು ಮೊದಲನೆಯವರನ್ನು ಅಲ್ಲಿಯವರೆಗೆ ಒಮ್ಮೆಯೂ ಸೋಲಿಸಿರಲಿಲ್ಲ. ಅರ್ಧ ಆಟ ಮುಗಿದಾಗ 21–21. ಕೊನೆಗೆ ವರ್ಜೀನಿಯಾ 54–74ರಿಂದ ಸೋತಿತು. ಬಲ್ಲವರು ಆಟ ಕಡಿಮೆ ಮಾಡಿಕೊಂಡರೆ ಬಡವರ ಆಸೆಗೆ ತಾವೇ ಬಾಗಿಲು ತೆರೆದಂತೆ. ಮರುವರ್ಷ, 2019ರಲ್ಲಿ, ಅದೇ ಕೋಚ್, ಅದೇ ನಿಧಾನ, ಚಾಂಪಿಯನ್ ಆದರು!

ಫೋನು ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ನಿಧಾನ ಮಾಡುವುದು ಸರಿಯೇ ತಪ್ಪೇ? ಇದು ಆಟದ ಪ್ರಶ್ನೆ ಎಂದು ಶುರುವಾಗಿ ಆಟದಲ್ಲಿ ನಿಲ್ಲಲಿಲ್ಲ. ಚೆಂಡು ನನ್ನ ಕೈಯಲ್ಲಿದೆ. ನಾನು ಎಷ್ಟು ಹೊತ್ತು ಹಿಡಿದುಕೊಂಡು ನಿಲ್ಲಬಹುದು?

ಈ ಪ್ರಶ್ನೆ ಆ ಆಟಕ್ಕೂ ಹಿಂದೆ ಒಮ್ಮೆ ಬಂದಿತ್ತು. 1950ರ ನವೆಂಬರ್ 22ರಂದು ಅಮೆರಿಕದ ಇಬ್ಬರು ವೃತ್ತಿಪರ ತಂಡದವರು ಆಡಿದ ಪಂದ್ಯ 19–18ಕ್ಕೆ ಮುಗಿಯಿತು. ಫೋರ್ಟ್ ವೇನ್ ತಂಡದವರಿಗೆ ಎದುರಿನ ಮಿನಿಯಾಪೊಲಿಸ್‌ನ ಎತ್ತರದ ಆಟಗಾರನನ್ನು ತಡೆಯುವ ಬಲವಿರಲಿಲ್ಲ. ಚೆಂಡು ಹಿಡಿದು ಸುಮ್ಮನೆ ನಿಂತರು. ಜನ ಬೈದರು. ಆದರೆ ಗೆದ್ದವರು ಅವರೇ. ಆಗ ಅದಕ್ಕೆ ತಡೆ ಹಾಕುವ ನಿಯಮ ಇರಲಿಲ್ಲ. 1954ರಲ್ಲಿ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದ. ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಎಸೆಯುತ್ತವೆ. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡು. ಭಾಗಿಸಿದರೆ 24. ಅಷ್ಟರೊಳಗೆ ಎಸೆಯಲೇಬೇಕು, ಇಲ್ಲವಾದರೆ ಚೆಂಡು ಎದುರಿನವರಿಗೆ. ಆ 24 ಇಂದು ನಮ್ಮ ತೊರವಿಯ ಮೈದಾನದಲ್ಲೂ ಇದೆ. ಅಮೆರಿಕದ ಕಾಲೇಜುಗಳಲ್ಲಿ ಅದು 30. ಅಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಈ ಗಡಿಯಾರ 1970ರ ದಶಕದ ಮೊದಲಲ್ಲೇ ಬಂತು, ಗಂಡುಮಕ್ಕಳ ಕಾಲೇಜು ಆಟಕ್ಕೆ ಎಲ್ಲೆಡೆ ಬಂದದ್ದು 1985ರ ಋತುವಿನಲ್ಲಿ, ಅದೂ 45 ಸೆಕೆಂಡಿನದು. ನಮ್ಮ ಕಬಡ್ಡಿಯನ್ನೇ ನೋಡಿ. ಟೀವಿಯ ಕಬಡ್ಡಿಯಲ್ಲಿ ಎರಡು ಸಲ ಬರಿಗೈಯಲ್ಲಿ ತಿರುಗಿ ಬಂದರೆ ಮೂರನೆಯ ಸಲ ಅಂಕ ತರಲೇಬೇಕು, ಇಲ್ಲವಾದರೆ ದಾಳಿಗೆ ಹೋದವನೇ ಔಟು. ಗೆರೆ ಮುಟ್ಟಿ ಹೊತ್ತು ಕಳೆಯುವವರಿಗೆ ಹಾಕಿದ ಲಗಾಮು ಅದು.

ನೋಡಿ, ಈ ನಿಯಮಗಳಲ್ಲಿ ಯಾವುದೂ ನಿಧಾನವನ್ನು ಪಾಪ ಎಂದಿಲ್ಲ. ಇಪ್ಪತ್ಮೂರನೆಯ ಸೆಕೆಂಡಿನವರೆಗೆ ನೀವು ಕಾಯಬಹುದು. ಅದು ನಿಮ್ಮ ಹಕ್ಕು. ಆದರೆ ಎದುರಿನವಳಿಗೂ ಒಂದು ಸರದಿ ಇದೆ ಎಂಬುದನ್ನು ಮರೆಯುವ ಹಾಗಿಲ್ಲ.

ಈ ವಿಚಾರ ಬಂದಾಗ ನನಗೆ ನೆನಪಾದವಳು ನಮ್ಮವ್ವ. ಅವಳು ಬಾಸ್ಕೆಟ್‌ಬಾಲ್ ಎಂಬ ಶಬ್ದ ಕೇಳಿದವಳೇ ಅಲ್ಲ. ಓದಿದ್ದು ಮೂರನೆಯ ಇಯತ್ತೆ. 1988ರಿಂದ ನಾನು ಬಿ.ಎ. ಓದುತ್ತಿದ್ದೆ. ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ವರಗಳು ಬರತೊಡಗಿದವು. ಮನೆಯಲ್ಲಿ ಮಾತು ನಡೆಯುತ್ತಿದ್ದುದು ದೊಡ್ಡಪ್ಪನದು. ಅಪ್ಪ ಅಣ್ಣನೆದುರು ತಲೆ ಎತ್ತಿದವನಲ್ಲ. ಇನ್ನು ಅವ್ವ ಬೇಡ ಎಂದರೆ ಕೇಳುವವರಾರು? ಅವಳು ಒಮ್ಮೆಯೂ ಬೇಡ ಎನ್ನಲಿಲ್ಲ. ಬಾಗಿಲ ಮರೆಯಲ್ಲಿ ನಿಂತು, "ನೋಡೂಣ್ರಿ, ಜ್ವಾಳದ ರಾಶಿ ಒಂದು ಮುಗೀಲಿ" ಎನ್ನುತ್ತಿದ್ದಳು. ರಾಶಿ ಮುಗಿದರೆ, "ಯುಗಾದಿ ಆಗ್ಲಿ." ಯುಗಾದಿ ಆದರೆ ಹುಡುಗನ ಕಡೆಯವರ ಹಿರಿಯರಿಗೆ ಸೂತಕ, ಅದು ಕಳೆದರೆ ಆಷಾಢ. 1991ರಲ್ಲಿ ದೇವರೇ ಅವಳ ಕಡೆ ಆದ ಹಾಗೆ ಬೇಸಿಗೆಯಲ್ಲಿ ಅಧಿಕಮಾಸ ಬಂತು! ಒಂದೊಂದು "ನೋಡೂಣ್ರಿ"ಗೂ ನನ್ನ ಒಂದೊಂದು ಪರೀಕ್ಷೆ ಮುಗಿಯುತ್ತಿತ್ತು. 1992ರಲ್ಲಿ ನನ್ನ ಬಿ.ಎಡ್. ಫಲಿತಾಂಶ ಬಂದ ದಿನ ಅವ್ವ ದೊಡ್ಡಪ್ಪನಿಗೆ ಚಹಾ ಕಳಿಸಿ, ಬಾಗಿಲ ಮರೆಯಿಂದಲೇ, "ಇನ್ನ ನೀವು ನೋಡ್ರಿ" ಎಂದಳು. ನಾಲ್ಕು ವರ್ಷ ಹಿಡಿದಿದ್ದ ಚೆಂಡನ್ನು ಅಂದು ಎಸೆದಳು.

ಅವ್ವನಿಗೆ ಬಲವಿರಲಿಲ್ಲ. ದೊಡ್ಡಪ್ಪನ ಜೊತೆ ಮಾತಿಗೆ ಮಾತು ಓಡಿಸಿದ್ದರೆ ಹತ್ತು ನಿಮಿಷದಲ್ಲಿ ಸೋಲುತ್ತಿದ್ದಳು. ಆ ಪಿ.ಟಿ. ಮೇಡಂ ಹೇಳಿದ ಲೆಕ್ಕ ಅವಳಿಗೆ ಹೊಟ್ಟೆಯೊಳಗಿನಿಂದಲೇ ಗೊತ್ತಿತ್ತು: ಎದುರಿನವರ ಸರದಿಗಳನ್ನು ಕಡಿಮೆ ಮಾಡು. ಮೋಸ ಎನ್ನುತ್ತೀರಾ? ಒಂದು ಮನೆಯವರು ಎಂಟು ತಿಂಗಳು ನಮಗಾಗಿ ಕಾದರು ಎಂದು ದೊಡ್ಡಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಅವರಿಗೆ ಅನ್ಯಾಯವಾಯಿತೇ ಎಂದು ನಾನೂ ಯೋಚಿಸಿದ್ದೇನೆ. ಆಮೇಲೆ ತಿಳಿಯಿತು, ಆ ಎಂಟು ತಿಂಗಳಲ್ಲಿ ಅವರು ಇನ್ನೂ ಎರಡು ಕಡೆ ಕನ್ಯೆ ನೋಡಿ ಉಪ್ಪಿಟ್ಟು ತಿಂದು ಬಂದಿದ್ದರು! ಅವರ ಬಾಗಿಲು ಮುಚ್ಚಿರಲಿಲ್ಲ. ಆ ನಾಲ್ಕು ವರ್ಷದ ಬೆಲೆ ಕಟ್ಟಿದವಳು ಅವ್ವ. "ಮಗಳ ವಯಸ್ಸು ಮೀರಿಸಾಕತ್ತಾಳ" ಎಂಬ ಮಾತನ್ನು ನೀರಿನ ನಲ್ಲಿಯ ಹತ್ತಿರ, ಗುಡಿಯ ಮುಂದೆ, ಸ್ವಂತ ತವರಿನಲ್ಲಿ ಕೇಳಿಸಿಕೊಂಡವಳು ಅವಳು.

ಅವ್ವನ ನಿಧಾನದ ಪಕ್ಕದಲ್ಲಿ ಇನ್ನೊಂದು ನಿಧಾನವನ್ನು ಇಡುತ್ತೇನೆ. ನಮ್ಮ ಓಣಿಯ ಒಬ್ಬ ವಯಸ್ಸಾದ ತಾಯಿ ವಿಧವಾ ವೇತನಕ್ಕಾಗಿ ಒಂದು ಕಚೇರಿಗೆ ಹನ್ನೊಂದು ತಿಂಗಳು ಅಡ್ಡಾಡಿದಳು. ನಾನೇ ಎರಡು ಸಲ ಅವಳ ಜೊತೆ ಹೋಗಿದ್ದೆ. ಅಲ್ಲಿ ಯಾರೂ ಅವಳಿಗೆ ಬೈಯಲಿಲ್ಲ. ಕೊಡುವುದಿಲ್ಲ ಎಂದೂ ಹೇಳಲಿಲ್ಲ. "ಸಾಹೇಬ್ರು ಇಲ್ಲ, ನಾಳೆ ಬಾ" ಎಂದರು, ಅಷ್ಟೇ. ಹಿಂದೆ ನಮ್ಮ ಕಡೆ ಊರೂರುಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ದೆವ್ವವನ್ನು ತಿರುಗಿ ಕಳಿಸುತ್ತಿದ್ದರಲ್ಲ, ಹಾಗೆ ಆ ಮುದುಕಿಯನ್ನು ಕಳಿಸುತ್ತಿದ್ದರು. ಮಾತಿನ ಮೇಲೆ ನೋಡಿದರೆ ಅವ್ವನ "ನೋಡೂಣ್ರಿ"ಗೂ ಆ ಗುಮಾಸ್ತರ "ನಾಳೆ ಬಾ"ಗೂ ವ್ಯತ್ಯಾಸವಿಲ್ಲ. ಎರಡೂ ಹೊತ್ತು ತಳ್ಳುವ ಮಾತೇ. ಆದರೆ ಆ ಹನ್ನೊಂದು ತಿಂಗಳಲ್ಲಿ ಕುರ್ಚಿಯಲ್ಲಿ ಕುಳಿತವರ ಒಂದು ಹೊತ್ತಿನ ಊಟವೂ ತಪ್ಪಲಿಲ್ಲ. ಮುದುಕಿಗೆ ಒಂದೊಂದು ದಿನಕ್ಕೂ ಬಸ್ಸಿನ ಹಣ, ಒಂದು ದಿನದ ಕೂಲಿ, ಮೊಣಕಾಲಿನ ನೋವು.

ಇಲ್ಲಿಗೆ ಬಂದಾಗ ನನಗೆ ಒಂದು ಅಳತೆ ಸಿಕ್ಕಂತಾಯಿತು. ನಿಧಾನ ಮಾಡುವವರು ಯಾರು ಎಂದು ಕೇಳುವುದಕ್ಕಿಂತ, ಆ ನಿಧಾನದಲ್ಲಿ ಯಾರ ಹೊತ್ತು ಸುಡುತ್ತಿದೆ ಎಂದು ಕೇಳಬೇಕು. ಮೈದಾನದ ಗಡಿಯಾರ ಎರಡೂ ತಂಡಕ್ಕೆ ಒಂದೇ. ಅದಕ್ಕೇ ಅಲ್ಲಿ ನಿಧಾನ ಒಂದು ಪಂಥ. ವರ್ಜೀನಿಯಾದಂಥ ಬಲಿಷ್ಠರೂ ಆ ಪಂಥದಲ್ಲಿ ಸೋಲಬಹುದು. ಗಡಿಯಾರವಿಲ್ಲದ ಕಡೆ ಬಲ್ಲಿದರ ನಿಧಾನಕ್ಕೆ ಯಾವ ಅಪಾಯವೂ ಇಲ್ಲ. ಅದು ಬಾಗಿಲಿಗೆ ಹಾಕಿದ ಬೀಗ.

ಇನ್ನೊಂದು ನಿಧಾನವೂ ಇದೆ, ನಾವು ಆರಿಸಿಕೊಳ್ಳದ್ದು, ನಮ್ಮ ಮೇಲೆ ಹೊರಿಸಿದ್ದು. ಬಾಸ್ಕೆಟ್‌ಬಾಲ್ ಹುಟ್ಟಿದ ಮರುವರ್ಷವೇ, 1892ರಲ್ಲಿ, ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅಮೆರಿಕದ ಸ್ಮಿತ್ ಮಹಿಳಾ ಕಾಲೇಜಿಗೆ ಆ ಆಟ ತಂದಳು. ಹೆಣ್ಣುಮಕ್ಕಳು ಓಡಾಡುವುದೇ ದೊಡ್ಡದಾಗಿದ್ದ ಕಾಲ ಅದು. ಅವರು ದಣಿಯಬಾರದು, ಒರಟಾಗಬಾರದು ಎಂದು ಅಂಗಳವನ್ನು ಮೂರು ಭಾಗ ಮಾಡಿ ಗೆರೆ ಎಳೆದರು. ಒಬ್ಬಳು ತನ್ನ ಭಾಗ ದಾಟುವಂತಿಲ್ಲ, ಇನ್ನೊಬ್ಬಳ ಕೈಯಿಂದ ಚೆಂಡು ಕಸಿಯುವಂತಿಲ್ಲ, ಚೆಂಡನ್ನು ಮೂರು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಆ ಗೆರೆಗಳಿಲ್ಲದಿದ್ದರೆ ಆ ಕಾಲದಲ್ಲಿ ಆಟವನ್ನೇ ಆಡಗೊಡುತ್ತಿರಲಿಲ್ಲವೇನೋ, ಅವಳನ್ನು ದೂರಲಾರೆ. ಆದರೆ ಗೆರೆಗಳಿಗೆ ಒಂದು ಗುಣವಿದೆ, ಎಳೆದ ಕಾರಣ ಹೋದ ಮೇಲೂ ಅವು ಉಳಿಯುತ್ತವೆ. ಅಯೋವಾ ಎಂಬ ರಾಜ್ಯದ ಹೈಸ್ಕೂಲುಗಳಲ್ಲಿ ಹುಡುಗಿಯರು ಅರ್ಧ ಅಂಗಳ ದಾಟದೆ, ಎರಡೇ ಪುಟಿತದಲ್ಲಿ ಆಡುವ ಆಟ 1993ರವರೆಗೂ ಇತ್ತು. ಊರ ಜನ ಅದನ್ನು ಬಹಳ ಅಕ್ಕರೆಯಿಂದ ನೋಡುತ್ತಿದ್ದರಂತೆ. ಅಕ್ಕರೆಯಿಂದಲೂ ಗೆರೆ ಎಳೆಯಬಹುದು ಎಂಬುದು ನನಗೆ ಚೆನ್ನಾಗಿ ಗೊತ್ತು.

ಇಷ್ಟು ಹೊತ್ತು ಹೇಳದೆ ಮುಂದೂಡುತ್ತ ಬಂದದ್ದನ್ನು ಈಗ ಹೇಳಬೇಕು.

2011ರಲ್ಲಿ ನನ್ನ ಮಗಳು ಎಸ್.ಎಸ್.ಎಲ್.ಸಿ. ಮುಗಿಸಿದಳು. ಆಗಲೇ ನನಗಿಂತ ನಾಲ್ಕು ಬೆರಳು ಎತ್ತರ. ಸಂಜೆಯಾದರೆ ಚೆಂಡು ಹಿಡಿದು ಹೋದವಳು ಕತ್ತಲಾದ ಮೇಲೇ ಬರುವವಳು. ಬೇರೆ ಊರಿನ ಒಂದು ಕ್ರೀಡಾ ವಸತಿನಿಲಯಕ್ಕೆ ಆಯ್ಕೆ ನಡೆಯುತ್ತದೆ, ಅರ್ಜಿ ಹಾಕಿಸಿರಿ ಎಂದು ಅವಳ ಶಾಲೆಯ ಪಿ.ಟಿ. ಶಿಕ್ಷಕರು ಹೇಳಿ ಕಳಿಸಿದರು. ಅರ್ಜಿಯ ಕಾಗದವನ್ನೂ ಅವರೇ ಕೊಟ್ಟಿದ್ದರು. ಪಾಲಕರ ಸಹಿ ಒಂದು ಬಾಕಿ. ಮಗಳು ಕಾಗದ ತಂದು ಅಡುಗೆ ಮನೆಯಲ್ಲಿ ನನ್ನ ಮುಂದೆ ಹಿಡಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. "ನೋಡೂಣು, ನಿಮ್ಮ ಅಪ್ಪ ಊರಿಂದ ಬರ್ಲಿ" ಎಂದೆ.

ಅವರು ಬಂದರು. "ನೋಡೂಣು, ಮಾರ್ಕ್ಸ್ ಕಾರ್ಡ್ ಕೈಗೆ ಬರ್ಲಿ" ಎಂದೆ. ಅದೂ ಬಂತು. ಆಗ ನಮ್ಮ ಅತ್ತೆಯವರಿಗೆ ಆರಾಮಿರಲಿಲ್ಲ. ಅದನ್ನೇ ಮುಂದೆ ಮಾಡಿದೆ. ಮಗಳು ದಿನಾ ಕೇಳುತ್ತಿದ್ದವಳು ಎರಡು ದಿನಕ್ಕೊಮ್ಮೆ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಕೊನೆಯ ತಾರೀಖು ದಾಟಿದ್ದು ನನಗೆ ಗೊತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವಾಗ ಆ ಮನೆಯನ್ನು ನೋಡಿದ್ದೆ. ಒಂದು ವಾರದ ಮೇಲೆ ಅವಳು ಆ ಕಾಗದವನ್ನು ನೀಟಾಗಿ ಮಡಚಿ ಹಳೆಯ ಪುಸ್ತಕದಲ್ಲಿಟ್ಟಳು, ಚೆಂಡನ್ನು ಅಟ್ಟದ ಮೇಲೆ ಹಾಕಿದಳು. ಪಿ.ಯು.ಸಿ.ಯಲ್ಲಿ ವಾಣಿಜ್ಯ ತೆಗೆದುಕೊಂಡು ಚೆನ್ನಾಗಿ ಓದಿದಳು. ಇಂದು ಒಳ್ಳೆಯ ಕೆಲಸದಲ್ಲಿದ್ದಾಳೆ. ನೋಡಿದವರು ನನ್ನದೇ ಸರಿ ಎನ್ನುತ್ತಾರೆ.

ನನ್ನ ಭಯ ಸುಳ್ಳಿನದಾಗಿರಲಿಲ್ಲ. ಹದಿನಾರರ ಹುಡುಗಿ, ದೂರದ ಊರು, ಬಂಧುಗಳ ಬಾಯಿ. ಇಂಥ ಭಯವಿಲ್ಲದ ತಾಯಿ ನಮ್ಮ ಕಡೆ ಸಿಗುವುದು ಕಷ್ಟ. ಕಳಿಸುವುದಿಲ್ಲ ಎಂಬ ತೀರ್ಮಾನವೇ ತಪ್ಪಾಗಿತ್ತು ಎಂದು ಇಂದಿಗೂ ಖಚಿತವಾಗಿ ಹೇಳಲಾರೆ. ಆದರೆ ನಾನು ತೀರ್ಮಾನ ಹೇಳಲೇ ಇಲ್ಲವಲ್ಲ! "ಇಲ್ಲ" ಎಂದಿದ್ದರೆ ಚೆಂಡು ಅವಳ ಕೈಗೆ ಹೋಗುತ್ತಿತ್ತು. ಅಳುತ್ತಿದ್ದಳು, ಜಗಳವಾಡುತ್ತಿದ್ದಳು, ಅಪ್ಪನನ್ನು ಒಲಿಸುತ್ತಿದ್ದಳು, ಆ ಶಿಕ್ಷಕರನ್ನು ಮನೆಗೆ ಕರೆತರುತ್ತಿದ್ದಳು. "ನೋಡೂಣು" ಎಂಬ ಮಾತಿನೆದುರು ಏನು ಮಾಡಲು ಬರುತ್ತದೆ? ನಾನು ಸಿಟ್ಟಾಗದ ತಾಯಿ, ಬೇಡ ಎನ್ನದ ತಾಯಿ. ಅವಳಿಗೆ ಸರದಿಯೇ ಬರಲಿಲ್ಲ. ಅವ್ವ ಬಾಗಿಲ ಮರೆಯಲ್ಲಿ ನಿಂತು ನನಗಾಗಿ ಹಿಡಿದ ಆಯುಧವನ್ನು ನಾನು ಮನೆಯ ನಡುವೆ ಯಜಮಾನಿಯಾಗಿ ನಿಂತು ಅವಳ ಮೊಮ್ಮಗಳ ಮೇಲೆ ಬಳಸಿದ್ದೆ. ಆ ಮೂರು ವಾರದಲ್ಲಿ ನನ್ನದು ಏನೂ ಸುಡಲಿಲ್ಲ. ಸುಟ್ಟದ್ದೆಲ್ಲ ಅವಳ ಹೊತ್ತು.

ನಮ್ಮ ತೊರವಿಯಿಂದ ಆದಿಲಶಾಹಿ ಕಾಲದಲ್ಲಿ ನೆಲದೊಳಗಿನ ಸುರಂಗದಲ್ಲಿ ಬಿಜಾಪುರ ನಗರಕ್ಕೆ ನೀರು ಹೋಗುತ್ತಿತ್ತು. ಸುರಂಗ ಬಾವಡಿಯನ್ನು ನೀವೂ ನೋಡಿರಬಹುದು. ಎತ್ತುವ ಯಂತ್ರವಿಲ್ಲ, ನೆಲದ ಇಳಿಜಾರನ್ನೇ ನಂಬಿದ ಹರಿವು. ಇಂಥ ಕಾಲುವೆಯಲ್ಲಿ ಇಳಿಜಾರು ಹೆಚ್ಚಾದರೆ ನೀರು ಗೋಡೆ ಕೊರೆಯುತ್ತದೆ, ತೀರ ಕಡಿಮೆಯಾದರೆ ಹೂಳು ಕುಳಿತು ದಾರಿ ಮುಚ್ಚುತ್ತದೆ. ಮಕ್ಕಳಿಗೆ ಸಮಾಜ ಪಾಠದಲ್ಲಿ ಇದನ್ನು ಎಷ್ಟೋ ವರ್ಷ ಹೇಳಿದ್ದೇನೆ. ಆ ಕಡೆ ಕೊಡ ಹಿಡಿದು ನಿಂತವರಿದ್ದಾರೆ ಎಂಬುದನ್ನು ನೆನಪಿಟ್ಟೇ ಈ ಕಡೆಯವರು ಇಳಿಜಾರು ಗೊತ್ತುಮಾಡಿದ್ದರು ಎಂಬ ಮಾತನ್ನು ಮಾತ್ರ ಎಂದೂ ಹೇಳಿರಲಿಲ್ಲ. ಹೊಳೆದಿರಲಿಲ್ಲ.

ಎಳ್ಳಮಾವಾಸ್ಯೆಗೆ ಮಗಳು ತನ್ನ ಐದು ವರ್ಷದ ಹುಡುಗಿಯನ್ನು ಕರೆದುಕೊಂಡು ಬಂದಳು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಬಿಳಿಜೋಳ ಎದೆಮಟ್ಟ ನಿಂತಿತ್ತು. ಚರಗ ಚೆಲ್ಲಿ ಬಂದು ಬೇವಿನ ನೆರಳಲ್ಲಿ ಉಂಡೆವು. ಉಳಿದವರು ಅತ್ತ ಹೋದಾಗ ನಾನು ಕೇಳಿದೆ:

"ಆವತ್ತ ಆ ಹಾಸ್ಟೆಲ್ ಅರ್ಜಿಗೆ ನಾ ಇಲ್ಲ ಅಂತ ಅಂದಿದ್ರ ನೀ ಏನ್ ಮಾಡ್ತಿದ್ದಿ?"

ಅವಳು ಬಹಳ ಹೊತ್ತು ಮಾತಾಡಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಕೈ ಹಾಗೇ ನಿಂತಿತು. ಆಮೇಲೆ, "ಜಗಳ ಆಡ್ತಿದ್ದೆ" ಎಂದಳು.

"ಗೆಲ್ತಿದ್ದೇನು?"

"ಸೋಲ್ತಿದ್ನೇನೋ. ನಿನ್ನ ಮುಂದ ಯಾರ್ ಗೆಲ್ತಾರ? ಆದ್ರ ಆಡ್ತಿದ್ದೆ."

ತಪ್ಪಾಯಿತು ಎಂದು ನಾನು ಹೇಳಿದೆ. ಬಾಯಿಬಿಟ್ಟೇ ಹೇಳಿದೆ, ಹದಿಮೂರು ವರ್ಷ ತಡವಾಗಿ. ಅವಳು, "ಇರ್ಲಿ ಬಿಡವ್ವಾ" ಎಂದು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. ಆ "ಇರ್ಲಿ"ಯಲ್ಲಿ ಎಷ್ಟು ಕ್ಷಮೆ ಇತ್ತು, ಎಷ್ಟು ಬೇಸರ ಇತ್ತು ಎಂದು ಅಳೆಯಲು ನಾನು ಹೋಗಲಿಲ್ಲ. ಅದು ಅವಳ ಸರದಿ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಹಿಡಿದುಕೊಳ್ಳಲಿ.

ಮರುದಿನ ಮೊಮ್ಮಗಳು ಅಟ್ಟದ ಮೇಲಿನ ಚೆಂಡು ಕಂಡಳು. "ಅಜ್ಜೀ, ಅದನ್ನ ಕೊಡು" ಎಂದಳು. "ನೋಡೂಣು" ಎಂಬುದು ನನ್ನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು! ಸ್ಟೂಲ್ ಹಾಕಿ ಇಳಿಸಿದೆ. ಚೆಂಡಿನಲ್ಲಿ ಗಾಳಿಯಿರಲಿಲ್ಲ. ಸಂಜೆ ಅವಳ ಕೈ ಹಿಡಿದುಕೊಂಡು ಸೈಕಲ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಚೆಂಡನ್ನು ಒತ್ತಿ ನೋಡಿ, "ಗಾಳಿ ಹಿಡೀವಲ್ದು, ವಾಲ್ವ್ ಹೋಗೇತ್ರಿ ಅಕ್ಕೋರ. ನಾಳೆ ಬರ್ರಿ" ಎಂದ.

"ನಾಳೆ ಎಷ್ಟು ಗಂಟೆಕ್ಕ?" ಎಂದು ಕೇಳಿ, ಅವನು ಹೇಳುವವರೆಗೂ ಅಲ್ಲೇ ನಿಂತೆ.